ಸಿಂಗಪುರದ ಹಾಕರ್ ಸೆಂಟರ್: ಬೀದಿಯಿಂದ ಸೂರಿನಡಿಗೆ ಬಂದ ತಿಂಡಿ

ಸಿಂಗಪುರಕ್ಕೆ ಕೆಲಸಕ್ಕೆಂದು ಬರುವ ಕನ್ನಡಿಗರು ಮೊದಮೊದಲು ಊಟ ಹುಡುಕಿಕೊಂಡು ಹೋಗುವುದು ಲಿಟ್ಲ್ ಇಂಡಿಯಾಕ್ಕೆ. ಸೆರಂಗೂನ್ ರಸ್ತೆಯಲ್ಲಿ ದೋಸೆ, ಇಡ್ಲಿ, ಬಾಳೆಎಲೆ ಊಟ ಎಲ್ಲವೂ ಸಿಗುತ್ತದೆ. ಆದರೆ ದಿನಾ ಅಷ್ಟು ದೂರ ಹೋಗಿಬರಲು ಯಾರಿಂದಾದೀತು? ಆಫೀಸು ಮುಗಿಸಿ ಬಂದವರಿಗೆ ಒಲೆ ಹಚ್ಚಲು ಮನಸ್ಸೂ ಇರುವುದಿಲ್ಲ. ಆಗ ಕಾಲು ತಾನಾಗಿ ಫ್ಲ್ಯಾಟಿನ ಹತ್ತಿರದ ಹಾಕರ್ ಸೆಂಟರ್ ಕಡೆಗೆ ತಿರುಗುತ್ತದೆ. ಈ ಊರು ನಮ್ಮದಾಗತೊಡಗುವುದು ಅಲ್ಲಿಂದಲೇ ಎಂದು ಇಲ್ಲಿ ನೆಲೆಸಿರುವ ನಾನು ಗಟ್ಟಿಯಾಗಿ ಹೇಳಬಲ್ಲೆ.

ಹಾಕರ್ ಸೆಂಟರ್ ಎಂದರೆ ಮೇಲೆ ಸೂರು, ಸುತ್ತ ಗಾಳಿ, ಏಸಿ ಇಲ್ಲದ ದೊಡ್ಡ ಊಟದ ಅಂಗಳ. ಸಾಲುಸಾಲಾಗಿ ಪುಟ್ಟ ಮಳಿಗೆಗಳು, ನಡುವೆ ನೆಲಕ್ಕೇ ಬಿಗಿದ ಮೇಜು-ಸ್ಟೂಲುಗಳು. ಎಷ್ಟೋ ಮಳಿಗೆಗಳಲ್ಲಿ ಮಾಡುವುದು ಒಂದೆರಡೇ ತಿನಿಸು. ಒಬ್ಬರು ಚಿಕನ್ ರೈಸ್, ಪಕ್ಕದವರು ನೂಡಲ್ಸ್, ಅದರಾಚೆ ರೋಟಿ ಪ್ರಾಟಾ, ಮೂಲೆಯಲ್ಲಿ ಕಾಫಿ. ಇಂಥ ನೂರಕ್ಕೂ ಹೆಚ್ಚು ಸೆಂಟರುಗಳು ದ್ವೀಪದ ತುಂಬ ಹರಡಿವೆ. ಎಷ್ಟೋ ಕಡೆ ಮಗ್ಗುಲಲ್ಲೇ ತರಕಾರಿ, ಮೀನಿನ ಮಾರುಕಟ್ಟೆಯೂ ಇರುತ್ತದೆ. ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಂತೂ ನುಗ್ಗೆಕಾಯಿ, ಕರಿಬೇವು ಕೊಂಡು, ಚೀಲ ಹಿಡಿದುಕೊಂಡೇ ತಿಂಡಿಗೆ ಕೂರಬಹುದು.

ಹಾಕರ್ ಎಂದು ಕರೆಯುವ ಈ ಮಳಿಗೆದಾರರು ಒಂದು ಕಾಲಕ್ಕೆ ಬೀದಿಯಲ್ಲೇ ಇದ್ದವರು. ಚೀನಾ, ಮಲಯ, ಜಾವಾ, ತಮಿಳುನಾಡಿನಿಂದ ಬಂದವರಲ್ಲಿ ಬೇರೆ ಕೆಲಸ ಸಿಗದ ಅನೇಕರು ತಮ್ಮೂರಿನ ಅಡುಗೆಯನ್ನು ಹೊತ್ತು, ತಳ್ಳುಗಾಡಿಯಲ್ಲಿಟ್ಟು ಮಾರಿದರು. ಆದರೆ ಬೀದಿಯಲ್ಲಿ ನಲ್ಲಿ ಇರಲಿಲ್ಲ. ತಟ್ಟೆ ತೊಳೆದ ನೀರು, ಉಳಿದ ಎಂಜಲು ಚರಂಡಿ ಸೇರಿ ಸಿಂಗಪುರ ನದಿಯನ್ನು ಕೆಡಿಸುತ್ತಿತ್ತು. 1968-69ರಲ್ಲಿ ಸರ್ಕಾರ ಈ ವ್ಯಾಪಾರಿಗಳನ್ನು ನೋಂದಾಯಿಸಿತು. 1971ರಿಂದ 1986ರವರೆಗೆ ನೀರು, ವಿದ್ಯುತ್, ಒಳಚರಂಡಿ ಇರುವ ಕಟ್ಟಡಗಳನ್ನು ಕಟ್ಟಿ ಸುಮಾರು 18,000 ಮಂದಿಯನ್ನು ಅಲ್ಲಿಗೆ ಸ್ಥಳಾಂತರಿಸಿತು. ಗಾಡಿ ಎತ್ತಂಗಡಿ ಮಾಡಿ ಕೈತೊಳೆದುಕೊಳ್ಳುವುದು ಯಾವ ನಗರಾಡಳಿತಕ್ಕೂ ಸುಲಭ. ಎತ್ತಿದವರಿಗೆ ನಲ್ಲಿ ಕೊಟ್ಟು ಕೂರಿಸಿದ್ದೇ ಈ ಊರಿನ ದೊಡ್ಡತನ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಸ್ಯಾಹಾರಿಗಳು ಅಲ್ಲಿ ಏನು ತಿನ್ನುತ್ತಾರೆ ಎಂದು ಊರಿನಿಂದ ಫೋನ್ ಮಾಡುವವರೆಲ್ಲ ಕೇಳುತ್ತಾರೆ. ಬಹುತೇಕ ಸೆಂಟರುಗಳಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಮಳಿಗೆಯೊಂದು ಇದ್ದೇ ಇರುತ್ತದೆ. ಬೆಳಗ್ಗೆ ಅಲ್ಲಿ ಸಿಗುವ ಬೀ ಹೂನ್ ಎಂದರೆ ಅಕ್ಕಿಯ ಎಳೆ ಶಾವಿಗೆ. ಸೋಯಾ ಸಾಸಿನಲ್ಲಿ ಬಾಡಿಸಿ ಕಂದು ಬಣ್ಣಕ್ಕೆ ತಿರುಗಿದ್ದು. ಅದರ ಮೇಲೆ ಹುರಿದ ಎಲೆಕೋಸು, ಗರಿಗರಿ ಸೋಯಾ ಹಾಳೆ, ಒಂದು ಚಮಚ ಮೆಣಸಿನ ಚಟ್ನಿ. ಅನೇಕ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಮಡಿಯ ಅಜ್ಜಿಯರೂ ಒಪ್ಪುವ ಅಡುಗೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಸರದಿ ಉದ್ದವಾಗುತ್ತದೆ, ಆ ದಿನಗಳಲ್ಲಿ ಮಾಂಸ ಬಿಡುವ ಬೌದ್ಧರು ಬಹಳ. ಉಳಿದ ಮಳಿಗೆಗಳಲ್ಲಿ ಮಾತ್ರ ಕೇಳದೆ ತಿನ್ನಬಾರದು. ನೋಡಲು ಬರೀ ಸೊಪ್ಪಿನ ಪಲ್ಯದಂತಿದ್ದರೂ ಅದಕ್ಕೆ ಬೆರೆಸಿದ ಸಾಂಬಾಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ಒಣ ಸಿಗಡಿ ಅರೆದಿರುತ್ತದೆ.

ಕಾಫಿಯ ನಾಡಿನಿಂದ ಬಂದವರು ಕೋಪಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಸಕ್ಕರೆ, ಮಾರ್ಗರೀನ್ ಸೇರಿಸಿ ಕಪ್ಪಗೆ ಹುರಿದ ಬೀಜದ ಪುಡಿಯನ್ನು ಉದ್ದನೆಯ ಬಟ್ಟೆ ಸೋಸುಚೀಲಕ್ಕೆ ಹಾಕಿ, ಮೇಲಿಂದ ಕುದಿನೀರು ಹೊಯ್ಯುತ್ತಾರೆ. ಉದ್ದ ಮೂತಿಯ ಇನ್ನೊಂದು ಪಾತ್ರೆಗೆ ಆ ಚೀಲವನ್ನು ಬದಲಿಸಿ ಡಿಕಾಕ್ಷನ್ನನ್ನು ಮತ್ತೆ ಹಾಯಿಸುತ್ತಾರೆ. ಲೋಟದ ತಳದಲ್ಲಿ ಮಂದ ಹಾಲು ಮೊದಲೇ ಇರುತ್ತದೆ. ಹಾಲು ಬೇಡವೆಂದರೆ ‘ಕೋಪಿ ಓ’, ಸಕ್ಕರೆಯೂ ಬೇಡವೆಂದರೆ ‘ಕೋಪಿ ಓ ಕೊಸೊಂಗ್’, ಸಿಹಿ ಕಡಿಮೆ ಸಾಕೆಂದರೆ ‘ಸಿಯು ದಾಯ್’. ಮಲಯದ ಜೊತೆ ಹೊಕ್ಕಿಯೆನ್ ಮೊದಲಾದ ಚೀನೀ ನುಡಿಗಳ ಮಾತುಗಳು ಒಂದೇ ಲೋಟದಲ್ಲಿ ಬೆರೆತಿವೆ. ಗಲ್ಲಾದಲ್ಲಿರುವವರನ್ನು ‘ಅಂಕಲ್’, ‘ಆಂಟಿ’ ಎಂದೇ ಕರೆಯುವುದು ರೂಢಿ. ನಾಲ್ಕಾರು ದಿನ ತಪ್ಪದೆ ಹೋದರೆ ನಾವು ಬಾಯಿ ತೆರೆಯುವ ಮುನ್ನವೇ ನಮ್ಮ ಕಾಫಿ ಮುಂದೆ ಬಂದು ಕೂರುತ್ತದೆ.

ಜಾಗ ಹಿಡಿಯಲು ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟುಹೋದರೆ ಸಾಕು, ಯಾರೂ ಮುಟ್ಟುವುದಿಲ್ಲ. ಉಂಡ ಮೇಲೆ ತಟ್ಟೆಯನ್ನು ನಾವೇ ಹಿಂದಿರುಗಿಸಬೇಕು, ಇದು 2021ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟಾಗಿದೆ. ಹಲಾಲ್ ತಟ್ಟೆಗಳನ್ನು ಇಡುವ ಕಪಾಟು ಬೇರೆ, ಉಳಿದದ್ದಕ್ಕೆ ಬೇರೆ. ತಟ್ಟೆ ಬೇರೆಯಾದರೂ ಮೇಜು ಒಂದೇ. ಮುಸ್ಲಿಂ ಸಹೋದ್ಯೋಗಿ, ಹಂದಿ ಮಾಂಸ ತಿನ್ನುವ ಚೀನೀ ಸ್ನೇಹಿತ, ಸೊಪ್ಪುಸದೆ ತಿನ್ನುವ ನಾನು ಒಟ್ಟಿಗೆ ಕೂತು ಉಣ್ಣುವುದು ಇಲ್ಲಿ ಸುದ್ದಿಯೇ ಅಲ್ಲ.

ನನಗೆ ಚಿಂತೆಯಾಗುವುದು ಒಲೆಯ ಹಿಂದೆ ನಿಂತವರನ್ನು ನೋಡಿದಾಗ. ಹೆಚ್ಚಿನವರಿಗೆ ವಯಸ್ಸಾಗಿದೆ. ನಸುಕಿನಲ್ಲೆದ್ದು, ಹಬೆಯಲ್ಲಿ ಬೆವರಿ, ಇಡೀ ದಿನ ನಿಂತೇ ದುಡಿಯುವ ಕೆಲಸಕ್ಕೆ ಓದಿದ ಮಕ್ಕಳು ಬರಲೊಲ್ಲರು. ಬೀದಿಯಿಂದ ಬಂದ ಮೊದಲ ತಲೆಮಾರಿನವರಿಗೆ ರಿಯಾಯಿತಿ ಬಾಡಿಗೆಯಿದೆ. ಹೊಸಬರು ಟೆಂಡರಿನಲ್ಲಿ ಪೈಪೋಟಿ ಮಾಡಿ ಮಳಿಗೆ ಹಿಡಿಯಬೇಕು. 2016ರಲ್ಲಿ ಎರಡು ಹಾಕರ್ ಮಳಿಗೆಗಳಿಗೆ ಮಿಷೆಲಿನ್ ತಾರೆ ಬಂದಾಗ ಜಗತ್ತೇ ಇತ್ತ ತಿರುಗಿ ನೋಡಿತು. ಹಾಗಿದ್ದರೂ ಗಿರಾಕಿಗಳ ನಿರೀಕ್ಷೆ ಮಾತ್ರ ಅಗ್ಗದ ಊಟವೇ. ಮಾಲ್‌ಗಳಲ್ಲಿ ಲೆಕ್ಕ ನೋಡದೆ ಖರ್ಚು ಮಾಡುವವರು ಇಲ್ಲಿ ಐವತ್ತು ಸೆಂಟ್ ಏರಿದರೆ ಗೊಣಗುತ್ತಾರೆ. ಅಕ್ಕಿ, ಎಣ್ಣೆ, ಗ್ಯಾಸ್ ಎಲ್ಲದರ ಬೆಲೆಯೂ ಏರಿರುವಾಗ ಆ ಐವತ್ತು ಸೆಂಟ್ ಒಲೆಯ ಹಿಂದಿನವರಿಗೆ ಸಲ್ಲಲೇಬೇಕು.