ತಗುಲಿತೇ, ತಗುಲಲಿಲ್ಲವೇ? ವಾದಕ್ಕೆ ತೆರೆ ಎಳೆದ ಸರಪಳಿ ಬುಟ್ಟಿ

ಕೇರಂ ಆಡಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಗುರಿ ಸರಿಯಾಗಿದೆ, ಕಾಯಿ ನೇರವಾಗಿ ಕುಳಿಯ ಬಾಯಿಗೇ ಹೋಗಿದೆ. ಆದರೆ ಹೊಡೆತ ತುಸು ಜೋರಾದುದರಿಂದ ಅಂಚಿಗೆ ಬಡಿದು ಹಿಂದಕ್ಕೆ ಬಂದಿದೆ. ಇದು ಆಟಗಾರನ ತಪ್ಪೇ ಅಥವಾ ಬೋರ್ಡಿನ ತಪ್ಪೇ? ಈ ಪ್ರಶ್ನೆಯನ್ನು ಸುಮಾರು ಐವತ್ತು ವರ್ಷಗಳಿಂದ ಎದುರಿಸುತ್ತಾ ಬಂದಿರುವ ಆಟವೊಂದು ಅಮೆರಿಕದಲ್ಲಿದೆ. ಅದೇ ಡಿಸ್ಕ್ ಗಾಲ್ಫ್.

ಹೆಸರೇ ಹೇಳುವಂತೆ ಇದು ಗಾಲ್ಫ್‌ನ ತಮ್ಮ. ಚೆಂಡು ಮತ್ತು ಕೋಲಿನ ಬದಲು ಇಲ್ಲಿ ಪ್ಲಾಸ್ಟಿಕ್ ತಟ್ಟೆ. ನೆಲದ ಕುಳಿಯ ಬದಲು ಕಂಬಕ್ಕೆ ಜೋಡಿಸಿದ ಕಬ್ಬಿಣದ ಬುಟ್ಟಿ, ಅದರ ಮೇಲೆ ತೂಗುವ ಸರಪಳಿಗಳು. ಕಡಿಮೆ ಎಸೆತಗಳಲ್ಲಿ ತಟ್ಟೆಯನ್ನು ಬುಟ್ಟಿಗೆ ಸೇರಿಸಿದವನೇ ವಿಜಯಿ.

ಮೊದಲು ಬರಿಯ ಕಂಬವಿತ್ತು

ಈ ಆಟದ ಪಿತಾಮಹನೆಂದು ಕರೆಸಿಕೊಂಡವರು ಕ್ಯಾಲಿಫೋರ್ನಿಯಾದ ಎಡ್ ಹೆಡ್ರಿಕ್. ವ್ಯಾಮ್-ಓ ಎಂಬ ಆಟಿಕೆ ಕಂಪೆನಿಯಲ್ಲಿದ್ದಾಗ ಫ್ರಿಸ್ಬೀ ತಟ್ಟೆಯ ಮೇಲ್ಮೈಗೆ ಗೆರೆಗಳನ್ನು ಕೊಟ್ಟು ಅದು ಸ್ಥಿರವಾಗಿ ಹಾರುವಂತೆ ಮಾಡಿ, 1967ರಲ್ಲಿ ಪೇಟೆಂಟ್ ಪಡೆದವರು ಇವರೇ. 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಪಾರ್ಕಿನಲ್ಲಿ ಇವರು ಡಿಸ್ಕ್ ಗಾಲ್ಫ್‌ಗೆಂದೇ ಮೈದಾನವೊಂದನ್ನು ರೂಪಿಸಿದಾಗ ಅಲ್ಲಿ ಗುರಿಯಾಗಿ ಇದ್ದುದು ಬರಿಯ ಕಂಬಗಳು.

ತಟ್ಟೆ ಕಂಬಕ್ಕೆ ತಗುಲಿದರೆ ಸಾಕು, ಲೆಕ್ಕಕ್ಕೆ ಬರುತ್ತಿತ್ತು. ಆದರೆ ತಗುಲಿತೋ, ಸವರಿಕೊಂಡು ಹೋಯಿತೋ ಎಂದು ದೂರದಲ್ಲಿ ನಿಂತವರು ಹೇಳುವುದು ಹೇಗೆ? ಎಸೆದವನು ತಗುಲಿತು ಎನ್ನುತ್ತಾನೆ, ಎದುರಾಳಿ ಇಲ್ಲ ಎನ್ನುತ್ತಾನೆ. ರಸೀದಿ ಇಲ್ಲದ ಜಮಾ ಎಂದರೆ ಇದೇ. ಈ ವಾದಗಳಿಂದ ಬೇಸತ್ತ ಹೆಡ್ರಿಕ್, ಬುಟ್ಟಿಯ ಮೇಲೆ ಸರಪಳಿಗಳನ್ನು ಇಳಿಬಿಟ್ಟು ಹೊಸ ಗುರಿಯನ್ನು ನಿರ್ಮಿಸಿದರು. 1977ರಲ್ಲಿ ಅದಕ್ಕೂ ಪೇಟೆಂಟ್ ದೊರೆಯಿತು. ಈಗ ಯಾರ ಸಾಕ್ಷಿಯೂ ಬೇಡ. ಬುಟ್ಟಿಯಲ್ಲಿ ಕುಳಿತ ತಟ್ಟೆಯೇ ಸಾಕ್ಷಿ.

ಸರಪಳಿಯೇ ಏಕೆ?

ಹಲಗೆಯೋ ತಗಡೋ ಆಗಿದ್ದರೆ ಹಾರಿಬಂದ ತಟ್ಟೆ ಚಿಮ್ಮಿ ಹಿಂದಕ್ಕೆ ಬೀಳುತ್ತಿತ್ತು. ಸರಪಳಿ ಹಾಗಲ್ಲ. ಅದು ಹಿಂದಕ್ಕೆ ಸರಿಯುತ್ತದೆ, ಕೊಂಡಿಗೆ ಕೊಂಡಿ ಉಜ್ಜುತ್ತದೆ, ಘಲ್ಲೆಂದು ಸದ್ದು ಮಾಡುತ್ತದೆ. ಇದರಲ್ಲೇ ತಟ್ಟೆಯ ವೇಗ ಖರ್ಚಾಗಿ ಹೋಗುತ್ತದೆ. ಮೇಲ್ಗಡೆ ಅಗಲವಾಗಿದ್ದು ಕೆಳಗೆ ಕಂಬದತ್ತ ಬಾಗಿ ಬರುವ ಸರಪಳಿಗಳು ತಟ್ಟೆಯನ್ನು ನಡುವಿಗೆ ಎಳೆದು ಬುಟ್ಟಿಗೆ ಇಳಿಸುತ್ತವೆ. ಸುಮಾರು 175 ಗ್ರಾಂ ತೂಗುವ, ಗಿರಗಿರನೆ ತಿರುಗುತ್ತಾ ಬರುವ ವಸ್ತುವನ್ನು ಹೀಗೆ ಸಮಾಧಾನಪಡಿಸುವುದು ಸುಲಭದ ಮಾತಲ್ಲ.

ಹಾಗೆಂದು ವಾದ ಅಲ್ಲಿಗೇ ಮುಗಿಯಲಿಲ್ಲ, ಬೇರೆ ರೂಪ ತಾಳಿತು. ಎರಡು ಸರಪಳಿಗಳ ನಡುವಿನ ಸಂದಿಯಲ್ಲಿ ತಟ್ಟೆ ನುಸುಳಿ ಆಚೆಗೆ ಹೋಗುವುದುಂಟು. ನಡುಗಂಬಕ್ಕೆ ಬಡಿದು ಹೊರಕ್ಕೆ ಹಾರುವುದುಂಟು. ಬುಟ್ಟಿಗೆ ಬಿದ್ದ ಮೇಲೂ ತಿರುಗುತ್ತಲೇ ಅಂಚನ್ನೇರಿ ಕೆಳಗೆ ಉರುಳುವುದುಂಟು. ಬಲಗೈಯವನು ಎದೆಯ ಮುಂದಿನಿಂದ ಬೀಸಿ ಎಸೆದ ತಟ್ಟೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದುದರಿಂದ ಕಂಬದ ಎಡಕ್ಕೆ ತಗುಲಿದಾಗ ಒಂದು ಬಗೆ, ಬಲಕ್ಕೆ ತಗುಲಿದಾಗ ಇನ್ನೊಂದು ಬಗೆ. ಬುಟ್ಟಿ ನುಂಗಿದ್ದನ್ನು ಉಗುಳಿತು ಎಂದು ಆಟಗಾರರು ಗೊಣಗುವುದು ಇಂತಹ ಹೊತ್ತಿನಲ್ಲಿಯೇ.

ಒಂದನ್ನು ತಿದ್ದಿದರೆ ಇನ್ನೊಂದು

ತಯಾರಕರು ಕೈಕಟ್ಟಿ ಕೂರಲಿಲ್ಲ. ಹೊರಸುತ್ತಿನ ಸರಪಳಿಗಳ ಒಳಗೆ ಇನ್ನೊಂದು ಸುತ್ತನ್ನು ಕಂಬದ ಸಮೀಪ ಇಳಿಬಿಟ್ಟರು. ಇನೋವಾ ಕಂಪೆನಿಯ ಡಿಸ್ಕ್ಯಾಚರ್ ಬುಟ್ಟಿಗಳಲ್ಲಿ 24 ಸರಪಳಿಗಳ ಮಾದರಿಯೂ ಬಂತು, 28ರ ಮಾದರಿಯೂ ಬಂತು. ಹೆಡ್ರಿಕ್ ಸ್ಥಾಪಿಸಿದ ಕಂಪೆನಿಯ ಮ್ಯಾಕ್ ಎಕ್ಸ್ ಬುಟ್ಟಿಯಲ್ಲಿ ಸಂದಿಗಳನ್ನು ಮುಚ್ಚಲೆಂದು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡವಾಗಿ ಹಾಯಿಸಲಾಯಿತು.

ಆದರೆ ಇಲ್ಲಿ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಹಗುರವಾದ ಸರಪಳಿ ಸುಲಭವಾಗಿ ಸರಿದು ದಾರಿ ಬಿಟ್ಟುಕೊಡುತ್ತದೆ. ಭಾರವಾದ, ಒತ್ತೊತ್ತಾದ ಸರಪಳಿ ಗೋಡೆಯಂತಾಗಿ ಮೆಲ್ಲನೆ ಬಂದ ತಟ್ಟೆಯನ್ನೂ ಹಿಂದಕ್ಕೆ ತಳ್ಳಬಹುದು. ಬುಟ್ಟಿಯನ್ನು ಅಗಲಗೊಳಿಸಿದರೆ ಗುರಿ ತಪ್ಪಿದ ಎಸೆತವೂ ಒಳಗೆ ಬಿದ್ದು, ಕೌಶಲಕ್ಕೆ ಬೆಲೆ ಇಲ್ಲದಂತಾಗುತ್ತದೆ. ಒಳ್ಳೆಯ ಎಸೆತವನ್ನು ಬಿಡಬಾರದು, ಕೆಟ್ಟದ್ದನ್ನು ಹಿಡಿಯಬಾರದು. ವಿನ್ಯಾಸಕಾರರ ನಿಜವಾದ ಪರೀಕ್ಷೆ ಇದು. ಹೆಡ್ರಿಕ್ 1976ರಲ್ಲಿ ಕಟ್ಟಿದ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಸ್ಥೆ ಇಂದು ಬುಟ್ಟಿಗಳಿಗೂ ಅಳತೆಗಳನ್ನು ಗೊತ್ತುಪಡಿಸಿ ಮಾನ್ಯತೆ ನೀಡುತ್ತಿರುವುದು ಈ ಕಾರಣಕ್ಕಾಗಿಯೇ.

ಗುರಿಯ ಉಪಕರಣವೇ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಕ್ರಿಕೆಟ್ ಪ್ರಿಯರಿಗೆ ವಿವರಿಸಬೇಕಾಗಿಲ್ಲ. 2019ರ ವಿಶ್ವಕಪ್‌ನಲ್ಲಿ ಓವಲ್ ಮೈದಾನದಲ್ಲಿ ಜಸ್‌ಪ್ರೀತ್ ಬೂಮ್ರಾ ಅವರ ಚೆಂಡು ಡೇವಿಡ್ ವಾರ್ನರ್ ಅವರ ಸ್ಟಂಪಿಗೆ ಬಡಿದರೂ ಬೇಲ್ಸ್ ಬೀಳಲಿಲ್ಲ. ಬೌಲರ್ ತನ್ನ ಕೆಲಸ ಮಾಡಿದ್ದರು, ವಿಕೆಟ್ ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆ 2021ರಲ್ಲಿ ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ನಡೆಯಿತು. ಡಿಸ್ಕ್ ಗಾಲ್ಫ್ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಗುರಿ. ಅದುವರೆಗೆ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಪಾಲ್ ಮೆಕ್‌ಬೆತ್ ಮುಂದಿದ್ದರು. ಜೇಮ್ಸ್ ಕಾನ್‌ರಾಡ್ ಅವರಿಗೆ ಉಳಿದಿದ್ದುದು ಒಂದೇ ದಾರಿ, 247 ಅಡಿ ದೂರದಿಂದ ನೇರವಾಗಿ ಬುಟ್ಟಿಗೆ ಎಸೆಯುವುದು. ಅವರು ಎಸೆದರು. ತಟ್ಟೆ ಬಾಗಿ ಬಂದು ಸರಪಳಿಗೆ ಬಡಿಯಿತು, ನಿಂತಿತು. ಪಂದ್ಯ ಸಮನಾಯಿತು, ಬಳಿಕ ನಿರ್ಣಾಯಕ ಆಟದಲ್ಲಿ ಕಾನ್‌ರಾಡ್ ವಿಶ್ವ ಚಾಂಪಿಯನ್ ಆದರು. ಅಂದು ಬುಟ್ಟಿ ಆ ತಟ್ಟೆಯನ್ನು ಉಗುಳಿದ್ದರೆ? ಒಬ್ಬನ ವರ್ಷಗಳ ಸಾಧನೆ ಒಂದು ಸರಪಳಿಯ ಸಂದಿಯಲ್ಲಿ ಜಾರಿ ಹೋಗುತ್ತಿತ್ತು.

ಹೆಡ್ರಿಕ್ 2002ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ತಟ್ಟೆಗಳನ್ನು ಮಾಡಲಾಯಿತು. ತಾನೇ ಕಟ್ಟಿದ ಬುಟ್ಟಿಗೆ ತಾನೇ ಹಾರಿ ಬೀಳುವ ಭಾಗ್ಯ ಇನ್ನಾರಿಗೆ ಸಿಕ್ಕೀತು?

ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟಗಳಲ್ಲೂ ಗೆರೆ ದಾಟಿತೇ, ದಾಟಲಿಲ್ಲವೇ ಎಂಬ ಜಗಳಗಳು ಹೊಸತಲ್ಲ. ತೀರ್ಪುಗಾರರನ್ನು ದೂರುವ ಮೊದಲು ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದೇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಹೆಡ್ರಿಕ್ ಜಗಳವಾಡಿದವರಿಗೆ ಉಪದೇಶ ಮಾಡಲಿಲ್ಲ, ಗುರಿಯನ್ನೇ ಬದಲಿಸಿದರು.