ಅಪ್ಪನ ಎದೆಯೊಳಗಿನ ಹೊಸ ನಳಿಕೆ

"ಕೆಮ್ಮು ಹೋಗವಲ್ದು" ಎಂದು ಅಪ್ಪ ಹುಬ್ಬಳ್ಳಿಯಲ್ಲಿ ತೆಗೆಸಿದ ಎಕ್ಸ್‌ರೇಯಿಂದ ಇದೆಲ್ಲ ಶುರುವಾಯಿತು. ಎದೆಯ ನಡುವಿನ ನೆರಳು ಅಗಲವಾಗಿದೆ ಎಂದರು. ಪುಣೆಗೆ ಕರೆತಂದು ಸಿಟಿ ಸ್ಕ್ಯಾನ್ ಮಾಡಿಸಿದೆ. ಹೃದಯದಿಂದ ಹೊರಟು ಬೆನ್ನೆಲುಬಿನ ಪಕ್ಕದಲ್ಲಿ ಇಳಿಯುವ ಮಹಾಪಧಮನಿಯ ಅಗಲ ಸಾಮಾನ್ಯವಾಗಿ ಎರಡೂವರೆ ಸೆಂ.ಮೀ. ಆಸುಪಾಸು. ಅಪ್ಪನದು 6.2 ಆಗಿತ್ತು. ಹಳೆಯ ಸೈಕಲ್ ಟ್ಯೂಬು ಒಂದು ಕಡೆ ಉಬ್ಬಿಕೊಂಡ ಹಾಗೆ. 5.5 ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆಗೆ ಸಲಹೆ ಕೊಡುತ್ತಾರೆ. ಒಡೆದರೆ ಆಸ್ಪತ್ರೆ ತಲುಪುವುದೇ ಕಷ್ಟ.

ಹಳೆಯ ದಾರಿಯೆಂದರೆ ಎಡ ಪಕ್ಕೆ ತೆರೆದು, ರಕ್ತದ ಹರಿವು ತಡೆದು, ಉಬ್ಬಿದ ಭಾಗ ತೆಗೆದು ಬಟ್ಟೆಯ ನಳಿಕೆ ಹೊಲಿಯುವುದು. 71 ವರ್ಷದ, ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ಅಪ್ಪನಿಗೆ ಅದು ಬೇಡವೆಂದು ಡಾಕ್ಟರು ಟೆವಾರ್ ಸೂಚಿಸಿದರು. ತೊಡೆಸಂದಿನ ರಕ್ತನಾಳದಿಂದ ಮಡಚಿದ ಸ್ಟೆಂಟ್ ಗ್ರಾಫ್ಟ್ ತೂರಿಸಿ, ಪರದೆ ನೋಡುತ್ತಲೇ ಉಬ್ಬಿದ ಜಾಗದಲ್ಲಿ ಅದನ್ನು ಅರಳಿಸುತ್ತಾರೆ. ರಕ್ತ ಹೊಸ ನಳಿಕೆಯೊಳಗೆ ಹರಿದು, ಹಳೆಯ ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊದೊಸ್ ಎದೆಯ ಮಹಾಪಧಮನಿಗೆ ಇದನ್ನು ಮಾಡಿದ್ದರು. 1994ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 13 ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಇದು ಹರಡಿತು.

ಎಲ್ಲರಿಗೂ ಒಗ್ಗುವುದಲ್ಲ. ನಳಿಕೆ ಕಚ್ಚಿ ನಿಲ್ಲಲು ಎರಡೂ ತುದಿಯಲ್ಲಿ ಸುಮಾರು 2 ಸೆಂ.ಮೀ. ಗಟ್ಟಿ ರಕ್ತನಾಳ ಬೇಕು. ಹೃದಯಕ್ಕೆ ಅಂಟಿದ ಮೇಲ್ಮುಖ ಭಾಗಕ್ಕೆ ಇಂದಿಗೂ ಹೆಚ್ಚಾಗಿ ಎದೆ ತೆರೆಯಲೇಬೇಕು. ಪಾರ್ಶ್ವವಾಯು, ಕಾಲಿನ ಸ್ವಾಧೀನ ತಪ್ಪುವ ಅಪಾಯ ಇಲ್ಲಿಯೂ ಇದೆ. ಆ ಸಾಲುಗಳ ಕೆಳಗೆ ಸಹಿ ಹಾಕುವಾಗ ನನ್ನ ಕೈ ನಡುಗಿತು. ಸಾಧನದ ಬೆಲೆ ಲಕ್ಷಗಳಲ್ಲಿ.

ಅಪ್ಪ ಐದನೇ ದಿನ ನಡೆದುಕೊಂಡೇ ಮನೆಗೆ ಬಂದರು. ನಾನು ಎಡವಿದ್ದು ಇಲ್ಲೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬಗ್ ತೆಗೆದದ್ದಲ್ಲ, ವರ್ಕ್‌ಅರೌಂಡ್. ಉಬ್ಬು ಒಳಗೇ ಇದೆ. ತುದಿಯಲ್ಲಿ ರಕ್ತ ಸೋರಿದರೆ ಮತ್ತೆ ಬೆಳೆಯುತ್ತದೆ, ನೋವೂ ಇರುವುದಿಲ್ಲ. ಅದಕ್ಕೇ ಪ್ರತಿವರ್ಷ ಸ್ಕ್ಯಾನ್. "ಆರಾಮ ಅದೀನಿ ತಮ್ಮಾ, ಮತ್ಯಾಕ ಆ ಮಷಿನ್ನಾಗ ಮಲಗೂದು? ರೊಕ್ಕ ಉಳಸು" ಎಂದರು ಅಪ್ಪ. ನನಗೂ ರಿಲೀಸ್ ಇತ್ತು. ಒಂದು ವರ್ಷ ಬಿಟ್ಟೆವು.

ಈ ಸಲದ ಸ್ಕ್ಯಾನ್‌ನಲ್ಲಿ ಕೆಳತುದಿ ಸೋರುತ್ತಿದೆ, ಉಬ್ಬು 7 ಮಿ.ಮೀ. ಬೆಳೆದಿದೆ. ಇನ್ನೊಂದು ತುಂಡು ಕೂಡಿಸಬೇಕು. ಮುಂದಿನ ಮಂಗಳವಾರ ಅಡ್ಮಿಟ್. ಅಪ್ಪನನ್ನು ಕರೆತರಲು ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟಿದ್ದೇನೆ.