ಮುಂಗಡ ದುಡ್ಡಿನ ದೀಪ

ವಿದ್ಯುತ್ತಿನ ಬಿಲ್ಲೆಂದರೆ ತಿಂಗಳು ಕಳೆದ ಮೇಲೆ ಬರುವ ಕಾಗದವೆಂಬುದು ನಮ್ಮ ಹಿರಿಯರ ಕಾಲದಿಂದ ನಡೆದುಬಂದ ತಿಳಿವಳಿಕೆ. ಮೊತ್ತ ವಿಪರೀತವೆನಿಸಿದರೆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋಗಬಹುದು. ಕಿಟಕಿಯಾಚೆ ಕುಳಿತ ನನ್ನಂಥ ಗುಮಾಸ್ತನೊಡನೆ ವಾದಿಸಬಹುದು. ವಾದ ಮುಗಿಯುವತನಕ ಹಣ ನಮ್ಮ ಕೈಯಲ್ಲೇ ಇರುತ್ತದೆ. ಹಣವನ್ನು ಮೊದಲೇ ತುಂಬಿಸಿ ಬಳಸುವ ಪ್ರೀಪೇಯ್ಡ್ ಮೀಟರು ಬಂದಲ್ಲಿ ಈ ವ್ಯವಹಾರ ತಲೆಕೆಳಗಾಯಿತು. ಇಲ್ಲಿ ಹಣ ಹೋದಮೇಲೆ ಅದು ಏಕೆ ಹೋಯಿತೆಂದು ಕೇಳಬೇಕು. ಅದೂ ಕೆಲವೊಮ್ಮೆ ಕತ್ತಲೆಯಲ್ಲಿ ಕುಳಿತು.

ದಿಲ್ಲಿಯ ಮಗ್ಗುಲಿನ ನೋಯಿಡಾ, ಗುರುಗ್ರಾಮಗಳ ದೊಡ್ಡ ವಸತಿ ಸಂಕೀರ್ಣಗಳಲ್ಲಿ ಈ ಮೀಟರಿನ ಪರಿಚಯ ನಮ್ಮವರಿಗೆ ಚೆನ್ನಾಗಿ ಉಂಟು. ಹಲವೆಡೆ ಇಡೀ ಸಂಕೀರ್ಣಕ್ಕೆ ಸರಬರಾಜು ಕಂಪೆನಿಯಿಂದ ಒಂದೇ ಸಂಪರ್ಕ. ಅಲ್ಲಿಂದ ಮನೆಮನೆಗೆ ಹಂಚುವವರು ಕಟ್ಟಡ ಕಟ್ಟಿಸಿದವರು, ಇಲ್ಲವೆ ನಿವಾಸಿಗಳ ಸಂಘದವರು. ಮೀಟರು ಒಂದೇ ಆದರೂ ಅದರ ಹೊಟ್ಟೆಯಲ್ಲಿ ಎರಡು ಲೆಕ್ಕ: ಕಂಪೆನಿಯ ಕರೆಂಟು ಒಂದು, ಅದು ಹೋದಾಗ ಓಡುವ ಜನರೇಟರಿನ ಕರೆಂಟು ಇನ್ನೊಂದು. ನಮ್ಮಲ್ಲಿ ಮೊದಲನೆಯದಕ್ಕೆ ಯೂನಿಟ್ಟಿಗೆ ೭ ರೂಪಾಯಿ, ಎರಡನೆಯದಕ್ಕೆ ೨೨. ಇದು ಸಾಲದೆಂಬಂತೆ ಲಿಫ್ಟು, ಕಾವಲು, ಚೊಕ್ಕಟತನಗಳ ನಿರ್ವಹಣಾ ವೆಚ್ಚವೂ ದಿನದಿನ ಅದೇ ಜಮೆಯಿಂದ ಕಡಿತವಾಗುತ್ತದೆ. ದೀಪದ ದುಡ್ಡಿನಲ್ಲಿ ಕಾವಲುಗಾರನ ಸಂಬಳ! ನಿರ್ವಹಣೆಯ ಹಣ ಕೊಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ದೀಪಕ್ಕೆ ಗಂಟುಹಾಕಿದರೆ ಒಂದರ ಜಗಳಕ್ಕೆ ಇನ್ನೊಂದು ಆರಿಹೋಗುತ್ತದೆ.

ಕಳೆದ ಬೇಸಗೆಯಲ್ಲಿ ನಾವು ೨೦ ದಿನ ಊರಿಗೆ ಹೋಗಿದ್ದೆವು. ಹೊರಡುವಾಗ ಜಮೆ ೩,೦೦೦ ರೂಪಾಯಿ. ಫ್ರಿಜ್ಜು ಬರಿದುಮಾಡಿ, ಮುಖ್ಯ ಸ್ವಿಚ್ಚು ಆರಿಸಿ, ಮೀಟರಿನ ಅಂಕಿಗಳ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡಿದ್ದೆ, ಕಚೇರಿಯ ಚಾಳಿ. ಹಿಂದಿರುಗಿದ್ದು ರಾತ್ರಿ ೧೧ ಗಂಟೆಗೆ. ಸ್ವಿಚ್ಚು ಹಾಕಿದರೆ ದೀಪವಿಲ್ಲ, ಸೆಕೆಗೆ ಮಗುವಿನ ಅಳು, ಮೀಟರಿನಲ್ಲಿ ೧,೯೪೦ ರೂಪಾಯಿ ಋಣ. “ಪರಸ್ಥಳ, ಬಾಡಿಗೆ ಮನೆ, ಜಗಳ ಯಾಕೆ? ಕಟ್ಟಿಬಿಡಿ” ಎಂದರು ನನ್ನ ಮನೆಯವರು. ಊರುಬಿಟ್ಟು ಬಂದ ನಮ್ಮಂಥವರ ಬಾಯಲ್ಲಿ ಈ ಮಾತು ಎಷ್ಟು ಸಲ ಬಂದಿಲ್ಲ! ನಾವು ಜಗಳವಾಡುವುದಿಲ್ಲವೆಂಬುದು ವಸೂಲಿಯವರಿಗೂ ತಿಳಿದಿರುತ್ತದೆ.

ಕಟ್ಟುವುದಂತೂ ಕಟ್ಟಿದೆ, ೨,೫೦೦ ರೂಪಾಯಿ. ಮಗುವನ್ನು ಕತ್ತಲಲ್ಲಿ ಮಲಗಿಸಿ ಹಕ್ಕು ಸಾಧಿಸುವ ಛಲ ನನ್ನದಲ್ಲ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೫೬ನೆಯ ಕಲಮಿನಲ್ಲಿ ತಕರಾರನ್ನು ಉಳಿಸಿಕೊಂಡೇ ಹಣ ಕಟ್ಟುವ ದಾರಿಯೊಂದುಂಟು: ಕೇಳಿದ ಮೊತ್ತ, ಹಿಂದಿನ ೬ ತಿಂಗಳ ಸರಾಸರಿಯ ಮೊತ್ತ, ಈ ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಿದರೆ ವ್ಯಾಜ್ಯ ತೀರುವತನಕ ಸರಬರಾಜು ಕಡಿಯುವಂತಿಲ್ಲ. ಬಾಕಿಗಾಗಿ ಕಡಿಯುವ ಮುಂಚೆ ಪೂರ್ತಿ ೧೫ ದಿನಗಳ ಲಿಖಿತ ನೋಟೀಸು ಕೊಡಬೇಕೆಂಬುದೂ ಅದೇ ಕಲಮಿನ ಮಾತು. ಆ ಕಲಮು ಕಂಪೆನಿಯನ್ನು ಕುರಿತದ್ದಾದರೂ, ಸಂಘದವರಿಗೆ ಬರೆಯುವಾಗ ನ್ಯಾಯದ ಮಾದರಿಯೆಂದು ತೋರಿಸಲು ಅಡ್ಡಿಯಿಲ್ಲ.

ತೊಡಕಿರುವುದು ಇಲ್ಲಿಯೇ. ಮುಂಗಡ ಮೀಟರಿನಲ್ಲಿ ಜಮೆ ತೀರಿ ದೀಪ ಆರಿದರೆ ಅದನ್ನು ‘ಸಂಪರ್ಕ ಕಡಿತ’ವೆಂದು ಎಣಿಸತಕ್ಕದ್ದಲ್ಲ, ಹಣ ತುಂಬಿಸಿದೊಡನೆ ಸರಬರಾಜು ಮರಳಿ ಬರಬೇಕು ಎಂದು ೨೦೨೦ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೇಳುತ್ತವೆ. ಬಳಸಿದ ಕರೆಂಟಿನಿಂದ ಜಮೆ ತೀರಿದರೆ ಇದು ಸರಿಯಾದ ಮಾತೇ. ಆದರೆ ಯಾವುದೋ ಹಳೆಯ ಬಾಕಿಯನ್ನು ಸದ್ದಿಲ್ಲದೆ ಜಮೆಯೊಳಕ್ಕೆ ತಳ್ಳಿದರೆ? ದೀಪ ಆರುತ್ತದೆ, ನೋಟೀಸಿನ ೧೫ ದಿನಗಳು ಮಾಯವಾಗುತ್ತವೆ, ಕಡಿದವರು ಮಾತ್ರ ಯಾರೂ ಇಲ್ಲ! ಇಂಥ ಮೀಟರಿಗೆ ಒಪ್ಪಿದವರಿಂದ ಠೇವಣಿ ಕೇಳಬಾರದೆಂಬ ೪೭ನೆಯ ಕಲಮಿನ ಅನುಕೂಲ ದೊಡ್ಡದೇ. ಅದಕ್ಕೆ ನಾವು ತೆರುವ ಬೆಲೆ ಮಾತ್ರ ಎಲ್ಲಿಯೂ ಅಚ್ಚಾಗಿಲ್ಲ.

ಫೋನಿನಲ್ಲಿ ರೀಚಾರ್ಜು ಮಾಡುವಾಗ “ತಕರಾರಿಗೆ ಒಳಪಟ್ಟು” ಎಂದು ಬರೆಯಲು ಜಾಗವಿರುವುದಿಲ್ಲ. ಆದ್ದರಿಂದ ಆ ರಾತ್ರಿಯೇ ಸಂಘದವರಿಗೆ ನಾಲ್ಕು ಸಾಲಿನ ಇ-ಮೇಲು ಕಳಿಸಿ, ಮರುದಿನ ಅದರ ಪ್ರತಿಯನ್ನು ಕೈಯಾರೆ ಕೊಟ್ಟು, ಮೊಹರು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡೆ. ಹನ್ನೆರಡು ವರ್ಷ ಆವಕ ಪುಸ್ತಕ ಬರೆದವನಾಗಿ ಹೇಳುತ್ತೇನೆ: ಸಂಖ್ಯೆಯಿಲ್ಲದ ದೂರು ಗಾಳಿಯಲ್ಲಿ ಬಿಟ್ಟ ಉಸಿರು.

ಕೇಳಿದ್ದು ಒಂದೇ: ೨೦ ದಿನಗಳ ಕಡಿತದ ವಿವರ. ಮೂರನೆಯ ದಿನ ಬಂತು. ನಿರ್ವಹಣೆ ದಿನಕ್ಕೆ ೯೦ರಂತೆ ೧,೮೦೦. ನಿಗದಿ ಶುಲ್ಕ ದಿನಕ್ಕೆ ೧೫ರಂತೆ ೩೦೦. ಜನರೇಟರಿನ ನಿಗದಿ ದಿನಕ್ಕೆ ೫ರಂತೆ ೧೦೦. ‘ಬಾಕಿ ಹೊಂದಾಣಿಕೆ’ ೨,೭೪೦. ಯೂನಿಟ್ಟು ಎರಡು ಲೆಕ್ಕದಲ್ಲಿಯೂ ಸೊನ್ನೆ. ನನ್ನ ಚಿತ್ರದ ಅಂಕಿಗೂ ಮೀಟರಿನ ಅಂಕಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಆ ಸೊನ್ನೆಯಿಂದಲೇ ದಾರಿ ಗೊತ್ತಾಯಿತು. ಯೂನಿಟ್ಟೇ ಹೆಚ್ಚು ಓಡಿದ್ದರೆ ಮೀಟರನ್ನು ಸಂಶಯಿಸಬೇಕಾಗಿತ್ತು. ೨೦೨೪ರ ತಿದ್ದುಪಡಿಯಂತೆ, ಓಟ ಬಳಕೆಗೆ ತಕ್ಕುದಲ್ಲವೆಂದು ದೂರು ಕೊಟ್ಟ ೫ ದಿನಗಳೊಳಗೆ ಕಂಪೆನಿಯವರು ಪಕ್ಕದಲ್ಲಿ ಇನ್ನೊಂದು ಮೀಟರನ್ನಿಟ್ಟು, ಕನಿಷ್ಠ ೩ ತಿಂಗಳು ತಾಳೆ ನೋಡಬೇಕು. ಯೂನಿಟ್ಟು ನಿಂತಲ್ಲೇ ನಿಂತು ಹಣ ಮಾತ್ರ ಓಡಿದರೆ ಎಷ್ಟು ಮೀಟರು ಇಟ್ಟರೂ ಪ್ರಯೋಜನವಿಲ್ಲ. ದೋಷ ಲೆಕ್ಕದ ಪುಸ್ತಕದ್ದು.

ಬಾಕಿ ಯಾರದೆಂದು ಬರೆದು ಕೇಳಿದೆ. ಹಿಂದಿನ ವರ್ಷದ ಜುಲೈ ತಿಂಗಳದು ಎಂದರು. ನಮ್ಮ ಬಾಡಿಗೆ ಕರಾರು ಆಗಸ್ಟಿನದು. ಹಳೆಯ ಬಾಕಿ ಮನೆಗೆ ಅಂಟಿಕೊಂಡೇ ಇರುತ್ತದೆಂದು ಕಾರ್ಯದರ್ಶಿಗಳು ಸುಪ್ರೀಮ್ ಕೋರ್ಟಿನ ಹೆಸರೆತ್ತಿದರು. ೨೦೨೩ರ ತೀರ್ಪೊಂದು ಇದೆ, ನಿಜ. ಆದರೆ ಅದು ಆಸ್ತಿ ಕೊಂಡವರು ಹೊಸ ಸಂಪರ್ಕ ಕೇಳಿದಾಗಿನ ಮಾತು. ಹಳೆಯ ಬಾಕಿ ತೀರಿಸಬೇಕೆಂಬ ಷರತ್ತು ನಿಯಮದಲ್ಲಿದ್ದರೆ ಕಂಪೆನಿಯವರು ಅವರನ್ನು ಕೇಳಬಹುದು. ಮನೆ ಕೊಳ್ಳಹೊರಟ ನಮ್ಮವರು ಇದನ್ನು ಗಮನಿಸಿ, ಬಾಕಿಯಿಲ್ಲವೆಂಬ ಪತ್ರವನ್ನು ಮೊದಲೇ ಪಡೆಯುವುದು ಲೇಸು. ಬಾಡಿಗೆದಾರನ ಜಮೆಯಿಂದ ಹೇಳದೆ ಕೇಳದೆ ಎತ್ತಿಕೊಳ್ಳಬಹುದೆಂದು ಆ ತೀರ್ಪಿನಲ್ಲಿಲ್ಲ.

ಕರಾರಿನ ಪ್ರತಿಯನ್ನು ಲಗತ್ತಿಸಿ ಎರಡು ಜ್ಞಾಪನ ಪತ್ರ ಕಳಿಸಿದೆ. ೧೭ನೆಯ ದಿನ ೨,೭೪೦ ರೂಪಾಯಿ ಜಮೆಗೆ ಮರಳಿತು. ಕ್ಷಮೆಯ ಮಾತಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಕಂಪೆನಿಯಿಂದಲೇ ನೇರ ಸಂಪರ್ಕವಿದ್ದವರಿಗೆ ದಾರಿ ಇನ್ನೂ ಸ್ಪಷ್ಟ: ಮೊದಲು ಕಂಪೆನಿಯ ಗ್ರಾಹಕ ಕುಂದುಕೊರತೆ ವೇದಿಕೆ, ಅಲ್ಲಿ ತೃಪ್ತಿಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ಎರಡೂ ಕಾಯಿದೆಯ ೪೨ನೆಯ ಕಲಮಿನಲ್ಲಿವೆ.

ಉಳಿದದ್ದು ನಿರ್ವಹಣೆಯ ಗಂಟು. ಕಂಪೆನಿಯ ಕರೆಂಟು, ಸಂಘದ ಜನರೇಟರು, ಸಾಮಾನ್ಯ ಜಾಗಗಳ ದೀಪ, ಈ ಮೂರಕ್ಕೂ ಅಳತೆ, ಬಿಲ್ಲು, ವಸೂಲಿ ಬೇರೆಬೇರೆಯಾಗಿರಬೇಕೆಂದು ೨೦೨೪ರ ಅದೇ ತಿದ್ದುಪಡಿ ಹೇಳುತ್ತದೆ. ಮಾಲಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಯಸಿದರೆ ಮನೆಗೊಂದು ಸಂಪರ್ಕವನ್ನೇ ಪಡೆಯಬಹುದೆಂದೂ ಹೇಳುತ್ತದೆ. ಇದನ್ನು ತೋರಿಸಿ ಬರೆದ ನನ್ನ ಇನ್ನೊಂದು ಕಾಗದಕ್ಕೆ ಆವಕ ಸಂಖ್ಯೆ ಬಿದ್ದಿದೆ, ಉತ್ತರ ಬಂದಿಲ್ಲ. ದಿನಕ್ಕೆ ೯೦ ರೂಪಾಯಿ ಅದೇ ಜಮೆಯಿಂದ ಹೋಗುತ್ತಲೇ ಇದೆ.